ಮೂವತ್ತೊಂದನೇ ಮನೆಯ ಉತ್ತರ

ಧಾರವಾಡ
೮ ಫೆಬ್ರವರಿ ೧೯೯೭

ಹೊನ್ನೂರಮ್ಮ ಟೀಚರಿಗೆ ಶಿವಶಂಕರನ ನಮಸ್ಕಾರಗಳು.

ಹೋದ ವಾರ ನಿಮ್ಮ ಅಂಗನವಾಡಿಗೆ ಬಂದಿದ್ದೆನಲ್ಲ, ಆ ಸಂಶೋಧನಾ ವಿದ್ಯಾರ್ಥಿ. ನೀವು ಒಗ್ಗರಣೆ ಮಂಡಕ್ಕಿ ಕೊಟ್ಟಿರಿ, ನಾನು ಬಸ್ಸು ತಪ್ಪೀತೆಂದು ಅರ್ಧಕ್ಕೇ ಎದ್ದೆ. ಒಪ್ಪಿಕೊಂಡಂತೆ ಕರೆಕಲ್ಲಹಟ್ಟಿಯ ಅರವತ್ತು ಮನೆಗಳಿಗೆ ಅರವತ್ತು ಫಾರಂ ಇವತ್ತು ಪಾರ್ಸೆಲ್ ಮಾಡಿದ್ದೇನೆ. ಯಾರ ಹೆಸರನ್ನೂ ಬರೆಯಬೇಡಿ, ಮನೆಯ ಸಂಖ್ಯೆ ಸಾಕು. ಪ್ರತಿ ಪ್ರಶ್ನೆಗೂ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳಿವೆ, ಒಂದರಲ್ಲಿ ಗುರುತು ಹಾಕಿ. ಪಕ್ಕದಲ್ಲಿ ಏನನ್ನೂ ಬರೆಯಬೇಡಿ. ಬರೆದರೆ ಲೆಕ್ಕ ಹಾಕುವಾಗ ತೊಂದರೆಯಾಗುತ್ತದೆ.

ನನ್ನ ಓದು ಯಾವುದರ ಮೇಲೆ ಎಂದು ಕೇಳಿದ್ದಿರಿ. ಕೆಲವು ದೇಶಗಳು ಮುಂದೆ ಹೋದವು, ಕೆಲವು ಹಿಂದೆ ಉಳಿದವು, ಯಾಕೆ ಎಂಬುದೇ ಪ್ರಶ್ನೆ. ಇದಕ್ಕೆ ಪಂಡಿತರು ಬೇರೆ ಬೇರೆ ಸಿದ್ಧಾಂತ ಹೇಳಿದ್ದಾರೆ. ಒಂದರ ಪ್ರಕಾರ ದೇಶ ವಿಮಾನವಿದ್ದಂತೆ. ಮೊದಲು ನೆಲದ ಮೇಲೆ ಓಡಬೇಕು, ವೇಗ ಕೂಡಬೇಕು, ಆಮೇಲೆ ಮೇಲಕ್ಕೇಳುತ್ತದೆ. ನಮ್ಮಂಥ ದೇಶಗಳು ಇನ್ನೂ ನೆಲದ ಮೇಲೇ ಓಡುತ್ತಿವೆಯಂತೆ. ಅಷ್ಟು ದೊಡ್ಡ ಪ್ರಶ್ನೆಯನ್ನು ಒಂದು ಸಣ್ಣ ಊರಿನಲ್ಲಿ ಹುಡುಕು ಎಂದು ನನ್ನ ಗೈಡ್ ಹೇಳಿದ್ದಾರೆ. ನಾನು ಹುಟ್ಟಿದ್ದು ಹರಪನಹಳ್ಳಿಯಲ್ಲಾದರೂ ಹಳ್ಳಿಯನ್ನು ಕಂಡದ್ದು ಕಡಿಮೆ. ಅಪ್ಪನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಹಾಗಾಗಿ ನಿಮ್ಮ ಕಣ್ಣೇ ನನಗೆ ಆಧಾರ.

ವಿಶ್ವಾಸದಿಂದ,
ಶಿವಶಂಕರ


ಕರೆಕಲ್ಲಹಟ್ಟಿ
೨ ಮಾರ್ಚ್ ೧೯೯೭

ಶಿವಶಂಕರ ಸರ್ ಅವರಿಗೆ ಹೊನ್ನೂರಮ್ಮ ಮಾಡುವ ವಂದನೆಗಳು.

ಫಾರಂ ಬಂದಾವ್ರಿ. ನಲವತ್ತು ಮನಿ ಮುಗದಾವು. ಬೆಳಿಗ್ಗಿ ಹೋದ್ರ ಎಲ್ಲಾರೂ ಹೊಲಕ್ಕ ಹೋಗಿರ್ತಾರ, ಅದಕ್ಕ ಮಕ್ಕಳಿಗೆ ಊಟಕ್ಕಿಟ್ಟು, ಕಳಿಸಿ, ಸಂಜಿಮುಂದ ಹೊಂಟೀನಿ. ಒಬ್ಬೊಬ್ಬರದು ಒಂದೊಂದು ಮಾತು. ಕರಿಸಿದ್ದಪ್ಪ ಅಂತ ನಮ್ಮೂರಾಗ ಅಂಗಡಿ ಇಟ್ಟಾರ, ಅವರು ಫಾರಂ ತಿರುವಿ ತಿರುವಿ ನೋಡಿ, “ಟೀಚರಮ್ಮ, ಇದನ್ನ ತುಂಬಿದ್ರ ಏನು ಕೊಡ್ತಾರ?” ಅಂದ್ರು. ಏನೂ ಕೊಡಾದಿಲ್ಲ ಅಂದೆ. “ಹಂಗಾದ್ರ ಏನು ಕಸ್ಕಂತಾರ?” ಅಂದ್ರು. ನಾನು ನಕ್ಕೆ, ಅವರು ನಗಲಿಲ್ಲ.

ನಿಮ್ಮ ವಿಮಾನದ ಮಾತು ಓದಿ ನನಗೂ ಆ ಪ್ರಶ್ನಿ ಹತ್ತಿಗೆಂಡೈತಿ. ದೇಶದ್ದು ನನಗ ಗೊತ್ತಿಲ್ಲ. ಆದ್ರ ಹಗರಿಬೊಮ್ಮನಹಳ್ಳಿಯಾಗ ನಮ್ಮಕ್ಕನ ಮನಿ ಐತಿ. ನಮ್ಮ ಮಳಿನ ಅವರಿಗೂ ಬರೋದು, ನಮ್ಮ ಬಿಸಿಲ ಅವರಿಗೂ. ಆದ್ರೂ ಅಲ್ಲಿ ರೈಲು ಐತಿ, ಆಫೀಸು ಅದಾವು, ನೋಡನೋಡ್ತಿದ್ದಂಗ ಊರು ಬೆಳೀತು. ನಮ್ಮೂರು ನಾನು ಮದಿವಿ ಆಗಿ ಬಂದಾಗ ಹೆಂಗಿತ್ತೋ ಹಂಗ ಐತಿ. ಇದಕ್ಕ ನಿಮ್ಮ ಪುಸ್ತಕದಾಗ ಏನು ಹೇಳ್ಯಾರ?

ಇನ್ನೊಂದು ಮಾತು ಬರೀಬೇಕು ಅನ್ಕಂಡಿದ್ದೆ. ಇರ್ಲಿ ಬಿಡ್ರಿ. ಉಳಿದ ಇಪ್ಪತ್ತು ಮನಿ ಯುಗಾದಿ ಒಳಗ ಮುಗಿಸ್ತೀನಿ.

ಹೊನ್ನೂರಮ್ಮ


ಧಾರವಾಡ
೩೦ ಮಾರ್ಚ್ ೧೯೯೭

ಟೀಚರ್,

ಅರವತ್ತೂ ಫಾರಂ ತಲುಪಿದವು. ಒಂದು ಚೌಕವನ್ನೂ ಖಾಲಿ ಬಿಟ್ಟಿಲ್ಲ ನೀವು! ನನ್ನ ಜೊತೆಯ ಸಂಶೋಧಕರೆಲ್ಲ ಅವನ್ನು ನೋಡಿ ಹೊಟ್ಟೆಕಿಚ್ಚುಪಟ್ಟರು.

ಆದರೆ ಉತ್ತರಗಳನ್ನು ನೋಡಿ ನನಗೆ ದಿಗಿಲಾಯಿತು. ಅರವತ್ತು ಮನೆಗಳಲ್ಲಿ ಸೈಕಲ್ಲು ನಾಲ್ಕೇ. ಹೊಲಿಗೆ ಮಿಷನ್ ಒಂದೂ ಇಲ್ಲ. ಎಮ್ಮೆ ಕಟ್ಟಿದವರು ಇಬ್ಬರು. ಹೊಸದಾಗಿ ಏನಾದರೂ ಕಸುಬು ಶುರು ಮಾಡುವ ಆಸೆಯಿದೆಯೇ ಎಂದರೆ ಐವತ್ತೇಳು ‘ಇಲ್ಲ’. ಹೆಣ್ಣುಮಕ್ಕಳನ್ನು ಏಳನೇ ತರಗತಿಯ ಮೇಲೆ ಓದಿಸುವಿರಾ ಎಂದರೆ ಐವತ್ತೆರಡು ‘ಇಲ್ಲ’.

ಹಗರಿಬೊಮ್ಮನಹಳ್ಳಿಯ ಬಗ್ಗೆ ನೀವು ಕೇಳಿದ್ದನ್ನು ಯೋಚಿಸಿದೆ. ಕೆಲವು ಪಂಡಿತರು ಎಲ್ಲವೂ ನೆಲ, ಹವೆಯ ಗುಣ ಎನ್ನುತ್ತಾರೆ. ನಿಮ್ಮ ಒಂದೇ ಮಳೆಯ ಮಾತಿನ ಮುಂದೆ ಅದು ನಿಲ್ಲುವುದಿಲ್ಲ. ಇನ್ನು ಕೆಲವರು, ಬಡದೇಶಗಳು ತಾವಾಗಿ ಹಿಂದುಳಿದಿಲ್ಲ, ಅವುಗಳ ಹತ್ತಿ, ಅದಿರನ್ನು ಅಗ್ಗಕ್ಕೆ ಒಯ್ದು ಬಟ್ಟೆ, ಯಂತ್ರ ಮಾಡಿ ತುಟ್ಟಿಗೆ ಮಾರಿದವರು ಅವನ್ನು ಹಿಂದಿಟ್ಟರು ಎನ್ನುತ್ತಾರೆ. ನನ್ನ ಗೈಡ್ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಬದಲಾವಣೆ ಮನಸ್ಸಿನಿಂದ ಶುರುವಾಗುತ್ತದೆ. ಮುಂದೆ ಬರಬೇಕೆಂಬ ಆಸೆ ಯಾವ ಜನರಲ್ಲಿ ಇದೆಯೋ ಆ ದೇಶ ಮುಂದೆ ಬರುತ್ತದೆ. ನಿಮ್ಮ ಫಾರಂಗಳನ್ನು ನೋಡಿ, “ಸಿಕ್ಕಿತಲ್ಲಯ್ಯಾ, ಇದೇ ನಿನ್ನ ಥೀಸಿಸ್” ಎಂದರು.

ನಿಮಗೇನು ಅನಿಸುತ್ತದೆ? ನಿಮ್ಮೂರಿನ ಜನಕ್ಕೆ ನಿಜವಾಗಿಯೂ ಆಸೆಯಿಲ್ಲವೇ?

ಶಿವಶಂಕರ


ಕರೆಕಲ್ಲಹಟ್ಟಿ
೧೪ ಏಪ್ರಿಲ್ ೧೯೯೭

ಸರ್,

ನೀವು ಓದಿದವರು, ನಿಮ್ಮ ಗೈಡ್ ಇನ್ನೂ ದೊಡ್ಡವರು. ನಾನು ಏನು ಹೇಳ್ಲಿ? ಫಾರಂನ್ಯಾಗ ಏನೈತೋ ಅದ ಐತಿ.

ಹತ್ತಿ ಒಯ್ದು ಬಟ್ಟಿ ಮಾರಿದ ಮಾತು ಮಾತ್ರ ನಮ್ಮ ಯಜಮಾನರಿಗೆ ಭಾಳ ಹಿಡಿಸ್ತು. ಅವರು ಟ್ರ್ಯಾಕ್ಟರ್‌ ಮ್ಯಾಲ ಮೆಕ್ಕಿಜೋಳ ಹೇರಿಕೆಂಡು ನಿಮ್ಮ ಹರಪನಹಳ್ಳಿಗೇ ಬರ್ತಾರ. “ನಾವು ಚೀಲ ಇಳಿಸಿ ಬರ್ತೀವಿ, ಅದು ಎಲ್ಲಿ ಹೋಗಿ ಏನಾಗ್ತೈತಿ ಅನ್ನಾದು ನಮಗ ಗೊತ್ತಾ ಆಗಂಗಿಲ್ಲ” ಅಂದ್ರು.

ಮಕ್ಕಳಿಗೆ ತೋರ್ಸಾಕ ಒಂದು ಜಗತ್ತಿನ ನಕಾಶಿ ಇದ್ರ ಕಳಿಸ್ರಿ. ಹಳೇದಿದ್ರೂ ನಡೀತೈತಿ.

ಹೊನ್ನೂರಮ್ಮ


ಧಾರವಾಡ
೨ ಸೆಪ್ಟೆಂಬರ್ ೧೯೯೭

ಪ್ರೀತಿಯ ಹೊನ್ನೂರಮ್ಮಕ್ಕ,

ಇಷ್ಟು ಮಾಡಿದ ಮೇಲೆ ಟೀಚರ್ ಅನ್ನುವುದಕ್ಕೆ ಮನಸ್ಸು ಬರುತ್ತಿಲ್ಲ. ನಕಾಶೆ ಕಳಿಸಿದ್ದೇನೆ. ಅದರಲ್ಲಿ ಸೋವಿಯತ್ ದೇಶ ಇನ್ನೂ ಒಂದೇ ಆಗಿದೆ, ಮಕ್ಕಳಿಗೆ ಹೇಳಿಬಿಡಿ, ಅದು ಒಡೆದು ಹೋಗಿದೆ. ನಮ್ಮ ಹರಪನಹಳ್ಳಿಯೂ ಹೋದ ತಿಂಗಳು ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. ಇನ್ನು ಮೇಲೆ ಊರು ಉದ್ಧಾರವಾಗುತ್ತದೆ ಎಂದು ಅಪ್ಪ ಅಂಗಡಿಯಲ್ಲಿ ಪೇಡಾ ಹಂಚಿದರಂತೆ.

ನನಗೂ ಒಳ್ಳೆಯ ಸುದ್ದಿಯಿದೆ. ಭಾನುವಾರದ ಪೇಪರಿನಲ್ಲಿ ನನ್ನ ಲೇಖನ ಬಂತು. ಡಿಸೆಂಬರಿನಲ್ಲಿ ಮೈಸೂರಿನ ವಿಚಾರ ಸಂಕಿರಣಕ್ಕೂ ಕರೆದಿದ್ದಾರೆ. ಲೇಖನ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ನಿಮ್ಮೂರಿನ ಹೆಸರು ಹಾಕಿದ್ದೇನೆ, ಸಂತೋಷವಾಗುತ್ತದೆಂದು. ಎಲ್ಲರೂ ಮೆಚ್ಚಿಕೊಂಡ ಭಾಗ ಇದು:

“ಮನೆ ಸಂಖ್ಯೆ ಮೂವತ್ತೊಂದನ್ನೇ ನೋಡಿ. ತಾಯಿ ಓದುಬರಹ ಬಲ್ಲವಳು. ಮಗಳು ಏಳನೇ ತರಗತಿಯನ್ನು ಮುಗಿಸಿದ್ದಾಳೆ. ಮುಂದೆ ಓದಿಸುವಿರಾ ಎಂದರೆ ಆ ತಾಯಿಯ ಉತ್ತರ: ಇಲ್ಲ. ಬಡತನ ಜೇಬಿಗಿಂತ ಮೊದಲು ಮನಸ್ಸಿನಲ್ಲಿ ಹುಟ್ಟುತ್ತದೆ ಎನ್ನಲು ಬೇರೆ ಸಾಕ್ಷಿ ಬೇಕೆ?”

ಓದಿ ಹೇಗಿದೆ ತಿಳಿಸಿ.

ನಿಮ್ಮ ತಮ್ಮ,
ಶಿವಶಂಕರ


ಧಾರವಾಡ
೨೦ ಅಕ್ಟೋಬರ್ ೧೯೯೭

ಅಕ್ಕಾ,

ಲೇಖನ ತಲುಪಿತೇ? ಉತ್ತರಕ್ಕಾಗಿ ಕಾಯುತ್ತಿದ್ದೇನೆ. ದಸರೆಯ ಗಡಿಬಿಡಿಯಲ್ಲಿ ತಡವಾಗಿರಬೇಕು.

ಶಿವಶಂಕರ


ಧಾರವಾಡ
೫ ಡಿಸೆಂಬರ್ ೧೯೯೭

ಅಕ್ಕಾ,

ಎರಡು ಪತ್ರಕ್ಕೂ ಉತ್ತರವಿಲ್ಲ. ಮೈಯಲ್ಲಿ ಹುಷಾರಿಲ್ಲವೇ? ಮನೆಯಲ್ಲಿ ಎಲ್ಲರೂ ಸೌಖ್ಯವೇ? ಒಂದು ಕಾರ್ಡು ಹಾಕಿದರೂ ಸಾಕು. ನಾಡಿದ್ದು ಮೈಸೂರಿಗೆ ಹೊರಟಿದ್ದೇನೆ.

ಶಿವಶಂಕರ


ಕರೆಕಲ್ಲಹಟ್ಟಿ
೧೧ ಜನವರಿ ೧೯೯೮

ಮಾನ್ಯರೇ,

ತಾವು ಬರೆದ ಮೂರು ಪತ್ರಗಳೂ ಲೇಖನವೂ ಕೈ ಸೇರಿವೆ. ಉತ್ತರ ಬರೆಯಲು ತಡವಾಗಿದೆ. ಕಾರಣವನ್ನು ಕೆಳಗೆ ತಿಳಿಸಿದ್ದೇನೆ.

ನವೆಂಬರ್ ತಿಂಗಳಲ್ಲಿ ನಮ್ಮ ಗ್ರಾಮಕ್ಕೆ ಮೂರು ಜನ ಅಧಿಕಾರಿಗಳು ಬಂದಿದ್ದರು. ಈ ಭಾಗಕ್ಕೆ ಒಂದು ಸರಕಾರಿ ಹೈಸ್ಕೂಲು ಮಂಜೂರಾಗಿತ್ತು. ನಮ್ಮೂರಿಗೋ ಗುಡ್ಡದ ಆಚೆಯ ಊರಿಗೋ ಎಂದು ನೋಡಲು ಬಂದಿದ್ದರು. ನಮ್ಮವರು ಜಾಗ ತೋರಿಸಿದರು. ಆಗ ಅವರಲ್ಲಿ ಒಬ್ಬರು ಫೈಲಿನಿಂದ ಪೇಪರಿನ ತುಂಡು ತೆಗೆದು ಎಲ್ಲರ ಮುಂದೆ ಓದಿದರು. “ಅರವತ್ತು ಮನಿಯೊಳಗ ಐವತ್ತೆರಡು ಮನಿಯವರು ಹೆಣ್ಣುಮಕ್ಕಳನ್ನ ಓದಿಸಲ್ಲ ಅಂದೀರಿ. ನಿಮಗ್ಯಾಕ್ರಪ್ಪಾ ಹೈಸ್ಕೂಲು?” ಎಂದರು. ಹೈಸ್ಕೂಲು ಆಚೆಯ ಊರಿಗೆ ಹೋಯಿತು.

ಸರ್, ಇದಕ್ಕಿಂತ ಮುಂದ ಈ ಪುಸ್ತಕದ ಭಾಷಿಯೊಳಗ ನನಗ ಬರಿಯಾಕ ಆಗಂಗಿಲ್ಲ.

ಮೊದ್ಲು ನನ್ನ ತಪ್ಪು ಹೇಳ್ತೀನಿ. ನೀವು ಫಾರಂ ಕಳಿಸಿದಾಗ ರೇಷನ್ ಕಾರ್ಡಿನ ಸರ್ವೆ ಸುದ್ದಿ ಊರಾಗೆಲ್ಲಾ ಹಬ್ಬಿತ್ತು. ಸೈಕಲ್ ಇದ್ದವರ ಕಾರ್ಡು ತಗೀತಾರ, ಎಮ್ಮಿ ಇದ್ದವರಿಗೆ ಅಕ್ಕಿ ಇಲ್ಲ, ಕಸುಬು ಮಾಡ್ತೀವಿ ಅಂದವರಿಗೂ ಇಲ್ಲ ಅಂತ. ನಿಮ್ಮ ಫಾರಂ ನೋಡಿ ಎಲ್ಲಾರೂ ಇದ ಆ ಸರ್ವೆ ಅಂದ್ರು. ಅಲ್ಲ ಅಂತ ನಾನು ಹೇಳಿದೆ. ಆದ್ರ ನನಗೂ ಗ್ಯಾರಂಟಿ ಇರ್ಲಿಲ್ಲ. ನಾಳಿ ಯಾರದಾದ್ರೂ ಕಾರ್ಡು ಹೋದ್ರ ಅವರ ಮನಿ ಮುಂದ ನಾನು ಹೆಂಗ ಅಡ್ಡಾಡ್ಲಿ? ಅದಕ್ಕ ನಾನ ಹೇಳಿದೆ, “ಇಲ್ಲ ಅಂತ ಬರಸ್ರಿ.” ನಮ್ಮ ಓಣಿ ಎರ್ರೆಮ್ಮನ ಹೊಲಿಗಿ ಮಿಷನ್ ಮುಂದ ಕುಂತು, ಅದರ ಮ್ಯಾಲ ಫಾರಂ ಇಟ್ಟು, ಹೊಲಿಗಿ ಮಿಷನ್ ಇಲ್ಲ ಅಂತ ಗುರುತು ಹಾಕೀನಿ ಸರ್. ನಿಮ್ಮ ಕಾಗದ ಬಂದಾಗೆಲ್ಲಾ ಹೇಳಬೇಕು ಅಂತಿದ್ದೆ. ನೀವು ಅಷ್ಟು ಖುಷಿಲಿಂದ ಬರೆದಿರ್ತಿದ್ರಿ, ಬಾಯಿ ಬರಲಿಲ್ಲ.

ಆದ್ರ ಹೆಣ್ಣುಮಕ್ಕಳ ಪ್ರಶ್ನಿಗೆ ಯಾರೂ ಸುಳ್ಳು ಹೇಳಿಲ್ಲ. ಐವತ್ತೆರಡು ಮನಿಯವರೂ ಖರೇನ ಹೇಳ್ಯಾರ. ಯಾಕ ಅಂತ ನಿಮ್ಮ ಫಾರಂ ಕೇಳಲಿಲ್ಲ. ಪಕ್ಕದಾಗ ಏನೂ ಬರೀಬ್ಯಾಡ್ರಿ ಅಂದಿದ್ರಿ, ನಾನು ಬರೀಲಿಲ್ಲ.

ಮೂವತ್ತೊಂದನೇ ಮನಿ ನಂದು.

ನೀವು ಫಾರಂ ಕಳಿಸೋ ಹಿಂದಿನ ವರ್ಷ ನನ್ನ ಮಗಳು ನಾಗರತ್ನ ಎಂಟನೇತ್ತಕ್ಕ ಕೊಟ್ಟೂರ ಹೈಸ್ಕೂಲಿಗೆ ಎರಡು ತಿಂಗಳು ಹೋಗ್ಯಾಳ. ಬೆಳಿಗ್ಗಿ ಬಸ್ಸು ಐತಿ. ಸಂಜಿಗೆ ಕೊಟ್ಟೂರಿಂದ ನಮ್ಮೂರ ಬಸ್ಸು ನಾಕಕ್ಕ ಬಿಡ್ತೈತಿ, ಸಾಲಿ ಬಿಡೋದು ನಾಕೂವರಿಗೆ. ಇನ್ನೊಂದು ಬಸ್ಸು ಬರೋದು ಎಂಟರ ಮ್ಯಾಲ. ಏಳು ಕಿಲೋಮೀಟರ್ ನಡಕೊಂಡ ಬರ್ತಿದ್ಲು. ಒಂದಿನ ಕೆರಿ ಏರಿ ಮ್ಯಾಲ ಮೋಟರ್ ಸೈಕಲ್ಲಿನ ಮ್ಯಾಲ ಇಬ್ಬರು ಹಿಂದ ಬಿದ್ದಾರ. ಜಾಲಿ ಗಿಡದಾಗ ನುಗ್ಗಿ ಹೊಲ ಹಾದು ಬಂದ್ಲು. ಕೈಕಾಲೆಲ್ಲಾ ರಕ್ತ, ಬ್ಯಾಗು ಬಿಟ್ಟಿರಲಿಲ್ಲ. ನಮ್ಮ ಯಜಮಾನರು ಸಾಕು ಅಂದ್ರು. ಅವರೊಬ್ಬರ ಮ್ಯಾಲ ಹಾಕಿದ್ರ ಸುಳ್ಳಾಗ್ತೈತಿ, ನಾನೂ ಸಾಕು ಅಂದೆ. ಅಕಿ ಅತ್ತು ಕೇಳಿದ್ಲು, “ಅವ್ವಾ, ನಾನೇನು ತಪ್ಪು ಮಾಡೀನಿ?”

ನೀವು ಕಳಿಸಿದ ಪೇಪರ್ ತುಂಡನ್ನ ಮೊದ್ಲು ಓದಿದ್ದು ನಾಗರತ್ನನ. ಓದಿ, ಮಡಚಿ, ನನ್ನ ಕೈಗೆ ಕೊಟ್ಲು.

ಹೊನ್ನೂರಮ್ಮ


ಧಾರವಾಡ
೨೫ ಜನವರಿ ೧೯೯೮

ಹೊನ್ನೂರಮ್ಮಕ್ಕ,

ಹಾಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ. ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ.

ಮೊದಲ ದಿನ ನನಗೆ ಬಂದದ್ದು ಸಿಟ್ಟು. ಅದನ್ನು ಮುಚ್ಚಿಡುವುದಿಲ್ಲ. ಇವರು ಹೇಳಬಹುದಿತ್ತಲ್ಲ, ನಾನೇ ನೇರವಾಗಿ ಕೇಳಿದ್ದೆನಲ್ಲ, ಒಂದು ವರ್ಷದ ಕೆಲಸ ಹೋಯಿತಲ್ಲ ಎಂದು. ನಿಮ್ಮ ಹಳೆಯ ಪತ್ರಗಳನ್ನು ತೆಗೆದು ಕುಳಿತೆ, ನಿಮ್ಮನ್ನು ತಪ್ಪಿತಸ್ಥೆ ಮಾಡಲಿಕ್ಕೇ. “ಏನು ಕಸ್ಕಂತಾರ” ಎಂದು ಕರಿಸಿದ್ದಪ್ಪನವರು ಕೇಳಿದ್ದನ್ನು ನೀವು ಬರೆದಿದ್ದಿರಿ. “ಇನ್ನೊಂದು ಮಾತು ಬರೀಬೇಕು” ಎಂದೂ ಬರೆದಿದ್ದಿರಿ. ಏನು ಆ ಮಾತು ಎಂದು ನಾನು ಕೇಳಲಿಲ್ಲ. ನನಗೆ ಫಾರಂ ಬೇಕಾಗಿತ್ತು.

ಗೈಡ್ ಹತ್ತಿರ ಎಲ್ಲವನ್ನೂ ಹೇಳಿದೆ. “ಯಾವ ಸರ್ವೆಯಲ್ಲಿ ಸುಳ್ಳು ಇರೋದಿಲ್ಲಯ್ಯಾ? ಸರಾಸರಿಯಲ್ಲಿ ಎಲ್ಲ ಸರಿಹೋಗುತ್ತದೆ. ಮೈಸೂರಿನಲ್ಲಿ ಪ್ರಬಂಧ ಮೆಚ್ಚಿದ್ದಾರೆ, ಈಗ ಕೆಡಿಸಬೇಡ” ಎಂದರು. ಹೈಸ್ಕೂಲು ಹೋದದ್ದು ಸರಾಸರಿಯಲ್ಲಿ ಹೇಗೆ ಸರಿಹೋಗುತ್ತದೆ ಎಂದು ಕೇಳಿದೆ. ಅವರು ಎದ್ದು ಹೋದರು.

ಪೇಪರಿಗೆ ತಿದ್ದುಪಡಿ ಬರೆದು ಕಳಿಸಿದ್ದೇನೆ. ಆ ಅಧಿಕಾರಿಗಳ ಕಚೇರಿಗೂ ಫೋನ್ ಮಾಡಿದೆ, ಹೈಸ್ಕೂಲಿನ ಆದೇಶ ಆಗಿಹೋಗಿದೆ ಎಂದರು. ನಾನು ಊರಿಗೆ ಬಂದು ನಿಮ್ಮೆಲ್ಲರ ಮುಂದೆ, ಮುಖ್ಯವಾಗಿ ನಾಗರತ್ನಳ ಮುಂದೆ ಕ್ಷಮೆ ಕೇಳಬೇಕು. ಬರಲೇ?

ಶಿವಶಂಕರ


ಕರೆಕಲ್ಲಹಟ್ಟಿ
೧೦ ಫೆಬ್ರವರಿ ೧೯೯೮

ಶಿವಶಂಕರಪ್ಪಾ,

ಕ್ಷಮಾ ಕೇಳಾಕ ಬರಬ್ಯಾಡ. ಊರವರು ಸುತ್ತ ಕುಂತು ನೋಡ್ತಾರ, ಚಾ ಕುಡಿಸಿ ಕಳಿಸ್ತಾರ, ಅಲ್ಲಿಗೆ ಮುಗೀತು.

ಬರಾದಾದ್ರ ಸಾಲಿ ಇರೋ ದಿನ ಕೊಟ್ಟೂರಿಗೆ ಬಾ. ನಾಕೂವರಿಗೆ ಹೈಸ್ಕೂಲು ಬಿಟ್ಟ ಮ್ಯಾಲ ಅಲ್ಲಿಂದ ನಮ್ಮೂರಿಗೆ ನಡಕೊಂಡ ಬಾ. ಎಷ್ಟೊತ್ತು ಹಿಡೀತು, ಹಾದಿಯಾಗ ಏನೇನೈತಿ ಅನ್ನಾದು ಬರಕೊ. ನಿನ್ನ ಬರಹ ಪೇಪರಿನವರು ಕೇಳ್ತಾರ, ಬಸ್ಸಿನವರೂ ಕೇಳ್ತಾರೋ ನೋಡಾಣು.

ಹೊನ್ನೂರಮ್ಮ


ಧಾರವಾಡ
೧೫ ಮಾರ್ಚ್ ೧೯೯೮

ಅಕ್ಕಾ,

ಧಾರವಾಡ ತಲುಪಿದೆ. ಕಾಲಿನ ಬೊಕ್ಕೆ ಇನ್ನೂ ಆರಿಲ್ಲ.

ಅವತ್ತು ನಿಮ್ಮೆದುರು ಹೇಳಲಾಗದ್ದನ್ನು ಬರೆಯುತ್ತೇನೆ. ಕೊಟ್ಟೂರಿನಿಂದ ಒಂದು ಗಂಟೆ ಐವತ್ತು ನಿಮಿಷ ನಡೆದೆ. ಕೆರೆ ಏರಿಯ ಮೇಲೆ ಒಂದು ಮೋಟರ್ ಸೈಕಲ್ ಹಿಂದಿನಿಂದ ಬಂತು. ಯಾರೋ ರೈತರು, ಸುಮ್ಮನೆ ದಾಟಿ ಹೋದರು. ಆದರೆ ಅದರ ಸದ್ದು ಹತ್ತಿರವಾಗುತ್ತಿದ್ದಾಗ ಇಪ್ಪತ್ತೆಂಟು ವರ್ಷದ ಗಂಡಸಾದ ನಾನು ದಾರಿಯ ಅಂಚಿಗೆ ಸರಿದು ನಿಂತೆ. ಆ ಅರ್ಧ ನಿಮಿಷದಲ್ಲಿ ನನಗೆ ಗೊತ್ತಾದಷ್ಟು ಅರವತ್ತು ಫಾರಂನಲ್ಲಿ ಗೊತ್ತಾಗಿರಲಿಲ್ಲ.

ನಾಗರತ್ನ ನನ್ನ ಮುಂದೆ ಬರುವುದಿಲ್ಲ ಅಂದುಕೊಂಡಿದ್ದೆ. ನೀರಿನ ಚೊಂಬು ತಂದಿಟ್ಟು, “ಸಾರ್, ನೀವು ನಮ್ಮವ್ವನ್ನ ಕೇಳಿದ್ರಿ. ನನ್ನ ಯಾಕ ಕೇಳಲಿಲ್ಲ?” ಎಂದಳು. ಫಾರಂನಲ್ಲಿ ಮಕ್ಕಳನ್ನು ಎಣಿಸಿದ್ದೆ, ಅಷ್ಟೆ.

ಮರುದಿನ ನಾನು ಬರೆದುಕೊಂಡದ್ದನ್ನು ಹಿಡಿದು ನೀವು ಹದಿನಾಲ್ಕು ಜನ ಹೆಂಗಸರು ಬಸ್ ಡಿಪೋದ ಅಧಿಕಾರಿಯ ಮುಂದೆ ನಿಂತದ್ದು ಕಣ್ಣ ಮುಂದೆ ಇದೆ. “ಟೈಮಿಂಗ್ ಮ್ಯಾಲಿಂದ ಬರ್ತೈತಮ್ಮಾ, ನನ್ನ ಕೈಯಾಗಿಲ್ಲ” ಎಂದು ಅವರು ಹೇಳಿದಾಗ ನಾನಾಗಿದ್ದರೆ ಸರಿ ಎಂದು ಹೊರಬರುತ್ತಿದ್ದೆ. ನೀವು ಕೇಳಿದಿರಿ, “ನಾಕಕ್ಕ ಹೊಂಟ ಬಸ್ಸಿನ್ಯಾಗ ಎಷ್ಟು ಮಂದಿ ಇರ್ತಾರ್ರಿ?” ಅವರು ಕಂಡಕ್ಟರನ್ನು ಕರೆಸಿದರು. ಏಳೆಂಟು ಜನ ಎಂದ. “ಐದಕ್ಕ ಬಿಟ್ರ ಆ ಏಳೆಂಟು ಮಂದೀನೂ ಬರ್ತಾರ, ಹಾದಿ ಮ್ಯಾಲಿನ ನಾಕೂರ ಹುಡುಗ್ಯಾರೂ ಬರ್ತಾರ. ಲುಕ್ಸಾನು ಯಾರಿಗೆ, ಹೇಳ್ರಿ?” ಅವರು ಪೆನ್ನು ತೆಗೆದುಕೊಂಡು ನಾಲ್ಕು ಊರಿನ ಹೆಸರು ಬರೆದುಕೊಂಡರು. ಏನಾದರೂ ಆದೀತೆಂಬ ನಂಬಿಕೆ ನನಗೆ ಅಷ್ಟಾಗಿ ಇಲ್ಲ.

ನನ್ನ ಫೆಲೋಶಿಪ್ ಮುಂದುವರಿಯಲಿಲ್ಲ. ಜೂನಿನಿಂದ ಹಡಗಲಿಯ ಒಂದು ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ ಮಾಡುತ್ತೇನೆ. ಬೇರೆ ಗೈಡ್ ಸಿಕ್ಕಿದ್ದಾರೆ, ಮತ್ತೆ ಮೊದಲಿನಿಂದ ಶುರು ಮಾಡು ಎಂದಿದ್ದಾರೆ. ಹೊಸ ಫಾರಂ ಮಾಡುತ್ತಿದ್ದೇನೆ. ಪ್ರತಿ ಪ್ರಶ್ನೆಯ ಕೆಳಗೂ ‘ಯಾಕೆ’ ಎಂದು ಬರೆದು ಜಾಗ ಬಿಟ್ಟಿದ್ದೇನೆ. ಈ ಸಲ ನಾನೇ ಮನೆಮನೆಗೆ ಬರುತ್ತೇನೆ. ನೀವು ಜೊತೆಗಿದ್ದರೆ ಸಾಕು.

ಶಿವಶಂಕರ


ಕರೆಕಲ್ಲಹಟ್ಟಿ
೧೯ ಜುಲೈ ೧೯೯೮

ತಮ್ಮಾ ಶಿವಶಂಕರ,

ಬಸ್ಸು ಐದಕ್ಕ ಆತು. ಯಾರೂ ಹೇಳಲಿಲ್ಲ, ಕಾಗದ ಬರಲಿಲ್ಲ. ಹೋದ ಸೋಮವಾರ ನಾಕೂವರಿ ಹೊತ್ತಿಗೆ ಬರೋ ಬಸ್ಸು ಬರಲಿಲ್ಲ. ಕೆಟ್ಟೈತಿ ಅನ್ಕಂಡ್ವಿ. ಐದೂವರಿಗೆ ಬಂತು. ಕಂಡಕ್ಟರು ಇಳಿದು, “ಏನವ್ವಾ, ನಿಮ್ಮ ಬಸ್ಸು ತಂದೀನಿ” ಅಂದ. ಎರ್ರೆಮ್ಮ ಅವನ್ನ ಅಲ್ಲೇ ನಿಲ್ಲಿಸಿ ಮಜ್ಜಿಗಿ ಕೊಟ್ಲು.

ನಾಲ್ಕು ಹುಡುಗ್ಯಾರು ಎಂಟನೇತ್ತಕ್ಕ ಹೊಂಟಾರ. ನಮ್ಮ ನಾಗರತ್ನನೂ ಅವರೊಳಗ ಒಬ್ಬಾಕಿ, ಉಳಿದವರಿಗಿಂತ ಎರಡು ವರ್ಷ ದೊಡ್ಡಾಕಿ. ಕ್ಲಾಸಿನ್ಯಾಗ ಅಕ್ಕಾ ಅಂತ ಕರೀತಾರಂತ, ಅದಕ್ಕ ಅಕಿಗೆ ನಾಚಿಗಿ. ಹೋಗ್ಲಿ, ಅದೇನು ದೊಡ್ಡದಲ್ಲ. ನಮ್ಮ ಯಜಮಾನರು ಮೊದ್ಲ ದಿನ ಟ್ರ್ಯಾಕ್ಟರ್ ಬಿಟ್ಟು ಬಸ್‌ಸ್ಟ್ಯಾಂಡಿನ್ಯಾಗ ನಿಂತಿದ್ರು. ಬಸ್ಸು ಬಂದ ಮ್ಯಾಲ ಏನೂ ಕೆಲಸ ಇಲ್ಲದವರಂಗ ಆಕಡಿ ಹೋದ್ರು.

ಒಂದು ದುಃಖದ ಮಾತೂ ಐತಿ. ನಾಗರತ್ನನ ಜೋಡಿ ಏಳನೇತ್ತ ಮುಗಿಸಿದ ಈರಕ್ಕಗ ಮೇ ತಿಂಗಳಾಗ ಮದಿವಿ ಆತು. ಬಸ್ಸು ಎರಡು ತಿಂಗಳು ಮೊದ್ಲ ಬಂದಿದ್ರ ಅಂತ ಅಕಿ ತಾಯಿ ನನ್ನ ಹತ್ರ ಬಂದು ಅತ್ಲು. ನಾನು ಅಕಿ ಕೈ ಹಿಡಕೊಂಡು ಕುಂತೆ.

ದಸರಾ ರಜಾದಾಗ ಬಾ. ಹೊಸ ಫಾರಂ ಮೊದ್ಲು ಅಂಗನವಾಡಿ ಮುಂದ ಎಲ್ಲಾರಿಗೂ ಓದಿ ಹೇಳು. ಯಾತಕ್ಕ, ಯಾರಿಗೆ, ಎಲ್ಲಾ ಹೇಳು. ಆಮ್ಯಾಲ ಮನಿಮನಿಗೆ ಹೋಗಾಣು.

ಹೊನ್ನೂರಮ್ಮ


ಹಡಗಲಿ
೪ ಜೂನ್ ೧೯೯೯

ಅಕ್ಕಾ,

ದಸರೆಯಲ್ಲಿ ನಾವು ಮನೆಮನೆ ತಿರುಗಿ ತುಂಬಿಸಿದ ಫಾರಂಗಳ ಮೇಲೆ ಬರೆದ ಥೀಸಿಸ್ ಮುಗಿಯಿತು. ಟೈಪಿಂಗಿಗೆ ಕೊಡುವ ಮೊದಲು ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ.

ಎಲ್ಲ ಸಿದ್ಧಾಂತಗಳನ್ನೂ ಬರೆದಿದ್ದೇನೆ. ನೆಲದ್ದು, ವಿಮಾನದ್ದು, ಹತ್ತಿಯದ್ದು, ಮನಸ್ಸಿನದ್ದು, ನಿಯಮ ಮತ್ತು ಆಡಳಿತದ್ದು. ಯಾವುದು ಸರಿ ಎಂದು ಹೊಸ ಗೈಡ್ ಕೇಳಿದರು. ಒಂದೊಂದರಲ್ಲೂ ಸ್ವಲ್ಪ ಹುರುಳಿದೆ ಸರ್, ಆದರೆ ಆಸೆಯಿಲ್ಲ ಎಂದು ಯಾವ ಜನರ ಬಗ್ಗೆಯೂ ನಾನಿನ್ನು ಬರೆಯಲಾರೆ ಎಂದೆ. ಇದು ದೇಶಗಳ ಪ್ರಶ್ನೆಗೆ ಉತ್ತರವಲ್ಲ ಎಂದರು. ಅಲ್ಲ ನಿಜ. ದೇಶಗಳ ಪ್ರಶ್ನೆ ನನಗೆ ಈಗಲೂ ಬಿಡಿಸಲಾಗಿಲ್ಲ.

ಮೊದಲ ಸರ್ವೆ ಹೇಗೆ ತಪ್ಪಿತು ಎಂಬುದಕ್ಕೇ ಒಂದು ಅಧ್ಯಾಯ ಇಟ್ಟಿದ್ದೇನೆ. ನನ್ನ ತಪ್ಪನ್ನು ನನ್ನ ಹೆಸರಿನಲ್ಲೇ ಬರೆದಿದ್ದೇನೆ. ನಿಮ್ಮದನ್ನು ‘ಒಬ್ಬ ಸಹಾಯಕಿ’ ಎಂದಷ್ಟೇ ಬರೆದು, ಹೆಸರನ್ನು ಕೃತಜ್ಞತೆಯ ಪುಟದಲ್ಲಿ ದೊಡ್ಡದಾಗಿ ಹಾಕುತ್ತೇನೆ. ನಾಳೆ ನಿಮಗೆ ತೊಂದರೆಯಾಗಬಾರದು. ಒಪ್ಪಿಗೆಯೇ?

ಶಿವಶಂಕರ


ಕರೆಕಲ್ಲಹಟ್ಟಿ
೧೩ ಜೂನ್ ೧೯೯೯

ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಯೋಚನಿ ಮಾಡಿದೆ. ನಮ್ಮ ಯಜಮಾನರು ಹೆಸರು ಬ್ಯಾಡ, ನೌಕರಿ ಅನ್ನಾದು ಒಂದು ಐತಿ ಅಂದ್ರು. ನಾಗರತ್ನ ಓದಾದು ಬಿಟ್ಟು ನನ್ನ ಮುಖಾನ ನೋಡ್ತಿದ್ಲು. ಅವತ್ತು ಪೇಪರ್ ಮಡಚಿ ಕೊಟ್ಟಾಗ ಇಕಿ ಏನು ಅನ್ಕಂಡಿದ್ಲೋ ನನಗ ಇವತ್ತಿಗೂ ಗೊತ್ತಿಲ್ಲ, ಕೇಳಾಕೂ ಧೈರ್ಯ ಆಗಿಲ್ಲ.

ಕೃತಜ್ಞತಾ ಪುಟದಾಗ ನನ್ನ ಹೆಸರು ಹಾಕಬ್ಯಾಡ. ದೇವರು, ತಂದಿತಾಯಿ, ಟೈಪಿಂಗಿನವರು, ಎಲ್ಲಾರ ಸಾಲಿನ್ಯಾಗ ನಾನ್ಯಾಕ? ತಪ್ಪು ಬರೆದೀಯಲ್ಲಾ, ಆ ಅಧ್ಯಾಯದಾಗ ಹಾಕು. ಸಹಾಯಕಿ ಅನ್ನಾದು ಹೊಡೆದು ಹಾಕು. ಕರೆಕಲ್ಲಹಟ್ಟಿಯ ಅಂಗನವಾಡಿ ಟೀಚರ್ ಹೊನ್ನೂರಮ್ಮ ಊರವರ ಅಕ್ಕಿ ಉಳಿಸಾಕ ಸುಳ್ಳು ಬರೆಸಿದ್ಲು, ಮಗಳ ವಿಷಯದಾಗ ಖರೇ ಬರೆದು ಕಾರಣ ಮುಚ್ಚಿಟ್ಲು, ಮುಂದ ತಾನ ಅದನ್ನ ಹೇಳಿದ್ಲು ಅಂತ ಬರಿ. ಮೂರೂ ನಾನ ಮಾಡಿದ್ದು. ಒಂದನ್ನ ಬಿಟ್ಟು ಇನ್ನೊಂದನ್ನ ಬರೀಬ್ಯಾಡ.

ನಿನ್ನ ಅಕ್ಕ,
ಹೊನ್ನೂರಮ್ಮ